ಕಿಟಕಿಯ ಲೆಕ್ಕ, ಮನೆಯ ಲೆಕ್ಕ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ಹಿರಿಯರು ಹೇಳಿದರು, ಸರಿ. ಹಳೇ ಮನೆಗೆ ಹೊಸ ಕಿಟಕಿ ಹಾಕಿಸಿ ನೋಡು ಅಂತ ಮಾತ್ರ ಯಾರೂ ಹೇಳಲಿಲ್ಲ. ಆ ಮಾತನ್ನು ಈ ಸಲ ನಾನೇ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ಹುಣಸೆಹಣ್ಣು ಹುಳ ಬೀಳದಂತೆ ಇಡುವ ವಿಧಾನ ಓದಿ ಕಾಗದ ಬರೆದ ಸೋದರಿಯರಿಗೆಲ್ಲ ವಂದನೆ. ಈ ಸಲ ಅಡಿಗೆಮನೆಯಿಂದ ಸ್ವಲ್ಪ ಆಚೆ ಬನ್ನಿ, ಕಿಟಕಿಯ ಹತ್ತಿರ ಕೂತು ಮಾತಾಡೋಣ.

ನಮ್ಮದು ಕೊಳ್ಳೇಗಾಲದ ದೊಡ್ಡ ರಸ್ತೆಗೆ ಅಂಟಿಕೊಂಡ ಮನೆ. ಮುಂದಿನ ಭಾಗ ಹೆಂಚಿನದು, ಹಿಂದಿನ ಭಾಗಕ್ಕೆ ನಮ್ಮ ಮಾವನವರು ಆಮೇಲೆ ತಾರಸಿ ಹಾಕಿಸಿದ್ದು. ಮುಂದಿನ ಮನೆ ಕಟ್ಟಿದವರು ಮಾವನವರ ತಂದೆ. ಆಗ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ಕ್ಕೆ. ಅದಕ್ಕೇ ನಮ್ಮ ಮನೆಯ ಹಳೇ ಪತ್ರ ತಮಿಳಿನಲ್ಲಿದೆ, ಓದಿಸಬೇಕಾದರೆ ಬಲ್ಲವರನ್ನು ಹುಡುಕಬೇಕು. ಗೋಡೆ ಒಂದೂವರೆ ಅಡಿ ದಪ್ಪ. ಕಿಟಕಿಗಳು ಹೊನ್ನೆ ಮರದ್ದು, ಕಬ್ಬಿಣದ ಸರಳು, ಮರದ ರೆಕ್ಕೆ. ಗಾಜು ಎಂಬ ಮಾತೇ ಇಲ್ಲ. ಮುಚ್ಚಿದರೆ ಕತ್ತಲು, ತೆರೆದರೆ ಸೊಳ್ಳೆ.

ಮಗಳು ಈಚೆಗೆ ಎರಡನೇ ಪಿಯುಸಿ ಓದುತ್ತಿದ್ದಳು. ಅವಳ ಕೋಣೆಯ ಕಿಟಕಿ ರಸ್ತೆಗೇ ಮುಖ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ದಾಟಿ ಬಂದ ಲಾರಿ ಚಾಮರಾಜನಗರ, ಕೊಯಮತ್ತೂರಿನ ಕಡೆ ಹೋಗಬೇಕಾದರೆ ನಮ್ಮ ಊರೇ ದಾರಿ. ಮಾದಪ್ಪನ ಬೆಟ್ಟದ ಬಸ್ಸು ಬೇರೆ. ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ರಾತ್ರಿ ಎಲ್ಲ ಹಾರನ್ನು. "ಅಮ್ಮಾ, ಓದಿದ್ದು ತಲೆಗೆ ಹತ್ತೋದಿಲ್ಲ" ಅಂತ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿರುತ್ತಿದ್ದಳು. ನೋಡಿದರೆ ಕರುಳು ಚುರುಕ್ ಅನ್ನುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಅಲ್ಲಿ ಹಾಲಿನ ಹಾಗೆ ಬಿಳೀ ಕಿಟಕಿಗಳು, ಜೋಡಿ ಗಾಜು. ಮುಚ್ಚಿದರೆ ರಸ್ತೆಯೇ ಮಾಯ! ಸುಳ್ಳು ಯಾಕೆ ಹೇಳಲಿ, ಮಗಳ ಓದು ಒಂದು ಕಡೆ, ನನ್ನ ಆಸೆ ಒಂದು ಕಡೆ. ಮನೆಗೆ ಬಂದವಳೇ ಯಜಮಾನರಿಗೆ, "ನಮ್ಮ ಮನೆಗೂ ಹಾಕಿಸೋಣ" ಅಂದೆ.

ಪಟ್ಟಣದ ಅಂಗಡಿಯವರು ಬಂದು ಅಳತೆ ತೆಗೆದರು. ಒಂಬತ್ತು ಕಿಟಕಿ, ಒಟ್ಟು 90 ಚದರ ಅಡಿ. ಚದರ ಅಡಿಗೆ 1,100 ರೂಪಾಯಿ. "ತೊಂಬತ್ತೊಂಬತ್ತು ಸಾವಿರಕ್ಕೆ ಮುಗೀತು ಮೇಡಂ" ಅಂದರು. ನನ್ನ ಚೀಟಿ ಎತ್ತಿದ್ದು ಒಂದೂವರೆ ಲಕ್ಷ ಬ್ಯಾಂಕಿನಲ್ಲಿತ್ತು. ಅದು ಮಗಳ ಮುಂದಿನ ಓದಿಗೆ ಅಂತ ಎತ್ತಿಟ್ಟ ಹಣ. ಐವತ್ತು ಸಾವಿರ ಉಳಿಯುತ್ತಲ್ಲ ಅಂತ ನಾನೇ ಸಮಾಧಾನ ಮಾಡಿಕೊಂಡೆ. ಮುಂಗಡ ಕೊಡಲು ಸೋಮವಾರ ಅಂತ ದಿನವೂ ಗೊತ್ತಾಯಿತು.

ಭಾನುವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ನನ್ನ ಖರ್ಚಿನ ಪುಸ್ತಕ ತೆಗೆದೆ. ಹಾಲಿನ ಲೆಕ್ಕ, ಸೊಪ್ಪಿನ ಲೆಕ್ಕ ಬರೆಯುವವಳು ಇಷ್ಟು ದೊಡ್ಡ ಲೆಕ್ಕ ಬರೆಯದೆ ಬಿಟ್ಟರೆ ಹೇಗೆ? ಬರೆಯುತ್ತಾ ಹೋದೆ. ನೀವೂ ನನ್ನ ಜೊತೆ ಬರೆದುಕೊಳ್ಳಿ.

ಕಿಟಕಿಯ ಬೆಲೆ 99,000. ಅದರ ಮೇಲೆ ಶೇಕಡಾ 18ರ ಜಿ.ಎಸ್.ಟಿ. 17,820. ಅದನ್ನು ಅವರು ಬಾಯಿಬಿಟ್ಟು ಹೇಳಿರಲಿಲ್ಲ, ಚೀಟಿಯ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಹಳೇ ಚೌಕಟ್ಟು ಕಿತ್ತರೆ ಸರಳೂ ಹೋಗುತ್ತದೆ, ಕಳ್ಳನಿಗೆ, ಕೋತಿಗೆ ಬಾಗಿಲು ತೆರೆದ ಹಾಗೆ. ಹೊಸ ಗ್ರಿಲ್ಲಿಗೆ ಚದರ ಅಡಿಗೆ 180ರಂತೆ 16,200. ಕಿತ್ತ ಜಾಗಕ್ಕೆ ಗಾರೆ ಕೆಲಸ, ಕಿಟಕಿಗೆ 1,500ರಂತೆ 13,500. ಸೊಳ್ಳೆ ಜಾಲರಿ ಬೇರೆ ಲೆಕ್ಕವಂತೆ, 10,800. ಸಾಗಾಣಿಕೆ 4,500. ಗಾರೆ ಆದ ಮೇಲೆ ಸುತ್ತ ಬಣ್ಣ ಹೊಡೆಸದೆ ಇರಲಾದೀತೇ? 8,000. ಕೂಡಿದರೆ 1,69,820. ಹಳೇ ಮನೆಯಲ್ಲಿ ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಉದುರುತ್ತದೆ. ಅದಕ್ಕೆ ಹತ್ತಕ್ಕೊಂದು ಪಾಲು, ಅಂದಾಜು 17,000. ಒಟ್ಟು 1,86,820 ರೂಪಾಯಿ!

ತೊಂಬತ್ತೊಂಬತ್ತು ಸಾವಿರ ಹೋಗಿ ಹೆಚ್ಚುಕಡಿಮೆ ಎರಡರಷ್ಟಾಯಿತು. ಮಗಳ ಹಣ ಪೂರ್ತಿ ಹೋಗಿ ಮೇಲೆ ನನ್ನ ಬಳೆ ಅಡವಿಗೆ. ಪೆನ್ನು ಕೆಳಗಿಟ್ಟು ಸುಮ್ಮನೆ ಕೂತೆ. ಬೆಳಿಗ್ಗೆ ಅಂಗಡಿಯವರಿಗೆ ಫೋನು ಮಾಡಿ "ಹದಿನೈದು ದಿನ ತಡೀರಿ" ಅಂದೆ. ಆ ಹದಿನೈದು ದಿನದಲ್ಲಿ ಕಲಿತದ್ದೇ ಈ ಬರಹ.

ಮೊದಲು ಜೋಡಿ ಗಾಜು ಅಂದರೇನು ಅಂತ ತಿಳಿದುಕೊಳ್ಳಿ. ಎರಡು ಗಾಜಿನ ಹಾಳೆ, ನಡುವೆ ಸುಮಾರು 12 ಮಿಲಿಮೀಟರ್ ಒಣಗಾಳಿ, ಸುತ್ತಲೂ ಗಾಳಿಯಾಡದ ಹಾಗೆ ಅಂಟು. ಅಂಚಿನ ಪಟ್ಟಿಯೊಳಗೆ ತೇವ ಹೀರುವ ಕಾಳು ಇರುತ್ತದೆ, ಮಾತ್ರೆ ಡಬ್ಬಿಯಲ್ಲಿ ಸಣ್ಣ ಪೊಟ್ಟಣ ಹಾಕಿರುತ್ತಾರಲ್ಲ, ಅದೇ ಬಗೆಯದು. ನಿಂತ ಗಾಳಿ ಶಾಖವನ್ನು ಬೇಗ ದಾಟಿಸುವುದಿಲ್ಲ. ಒಂಟಿ ಗಾಜಿನಲ್ಲಿ ದಾಟಿ ಹೋಗುವ ಶಾಖ ಜೋಡಿ ಗಾಜಿನಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ನಮ್ಮ ಬಳಗದ ಹುಡುಗ ಒಬ್ಬ ಜರ್ಮನಿಯಲ್ಲಿದ್ದಾನೆ. ಅವನನ್ನು ಕೇಳಿದೆ. "ಅತ್ತೇ, ಇಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತೆ. ಮನೆ ಬೆಚ್ಚಗಿಡೋದಕ್ಕೇ ಸಾವಿರಗಟ್ಟಲೆ ಖರ್ಚು. ಗಾಜು ಎರಡಾದರೆ ಆ ಖರ್ಚು ಇಳಿದು ಕಿಟಕಿ ಹಣ ವರ್ಷ ವರ್ಷ ವಾಪಸ್ ಬರುತ್ತೆ. ನಿಮ್ಮ ಮನೆಯಲ್ಲಿ ಬೆಚ್ಚಗಿಡೋ ಖರ್ಚು ಎಷ್ಟು?" ಅಂದ. ನಾನು ನಕ್ಕೆ. ನಮ್ಮ ಮನೆಯಲ್ಲಿ ಕಾಯಿಸುವುದು ಸ್ನಾನದ ನೀರು ಒಂದೇ! ಎ.ಸಿ.ಯೂ ಇಲ್ಲ. ಉಳಿಸಲು ಬಿಲ್ಲೇ ಇಲ್ಲದ ಕಡೆ ಕಿಟಕಿ ಎಷ್ಟು ಉಳಿಸೀತು?

ಸೆಕೆಗಾದರೂ ಆಗುತ್ತದಲ್ಲ ಅಂತೀರಾ? ಹನೂರಿನ ನಮ್ಮ ನಾದಿನಿಯ ಕಥೆ ಕೇಳಿ. ಅವಳದು ತಾರಸಿ ಮನೆ, ಚೆಂದಕ್ಕೆ ಅಂತ ಪಡುವಲ ಗೋಡೆಗೆ ದೊಡ್ಡ ಗಾಜು ಇಡಿಸಿದ್ದಾಳೆ. ಹನೂರಿನ ಬಿಸಿಲು ಗೊತ್ತಲ್ಲ, ಮೂರು ಗಂಟೆಗೆ ಆ ಕೋಣೆಯಲ್ಲಿ ಹಪ್ಪಳ ಒಣಗಿಸಬಹುದು. ಅವಳೂ ಜೋಡಿ ಗಾಜಿಗೆ ಹೊರಟಿದ್ದಳು. ಆದರೆ ಬಿಸಿಲು ಬರುವುದು ಬೆಳಕಿನ ಜೊತೆ. ತಿಳಿಗಾಜು ಒಂದಿದ್ದರೂ ಎರಡಿದ್ದರೂ ಬೆಳಕು ಒಳಗೆ ಬಂದೇ ಬರುತ್ತದೆ, ಹಿಂದೆಯೇ ಬಿಸಿಯೂ. ಒಳಗಡೆ ಪರದೆ ಕಟ್ಟಿದರೆ ಬಿಸಿ ಆಗಲೇ ಗಾಜು ದಾಟಿ ಬಂದಾಗಿರುತ್ತದೆ. ತಡೆಯಬೇಕಾದದ್ದು ಗಾಜಿನ ಹೊರಗಡೆ. ಅವಳು ಹೊರಗೆ ಬಿದಿರಿನ ತಟ್ಟಿ ಇಳಿಬಿಟ್ಟಳು, ಮುಂದೆ ಒಂದು ಹೊಂಗೆ ಸಸಿ ನೆಟ್ಟಳು. ತಟ್ಟಿಗೆ ಸಂಜೆ ನೀರು ಚಿಮುಕಿಸಿದರೆ ಬರುವ ಗಾಳಿ ತಂಪು. ಜೋಡಿ ಗಾಜಿನ ಮಾತು ಅಲ್ಲಿಗೆ ನಿಂತಿತು.

ಇನ್ನೊಂದು ಮಾತು. ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಗೆ ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಬೇಯುವುದು ಕಿಟಕಿಯಲ್ಲ, ತಾರಸಿ. ಕಿಟಕಿಗೆ ಲಕ್ಷ ಸುರಿಯುವ ಮುಂಚೆ ತಾರಸಿಗೆ ಬಿಳೀ ಸುಣ್ಣ ಬಳಿದು ನೋಡಿ. ಬರಿಗಾಲಲ್ಲಿ ನಿಂತರೆ ವ್ಯತ್ಯಾಸ ನಿಮ್ಮ ಪಾದಕ್ಕೇ ಗೊತ್ತಾಗುತ್ತದೆ.

ಇನ್ನು ಯಳಂದೂರಿನ ನನ್ನ ಅಕ್ಕನ ವಿಷಯ. ಅಲ್ಲಿ ಸುವರ್ಣಾವತಿ ಹೊಳೆ, ಬಿಳಿಗಿರಿರಂಗನ ಬೆಟ್ಟದ ತಂಪು. ಧನುರ್ಮಾಸದಲ್ಲಿ ಬೆಳಿಗ್ಗೆ ಕೈ ಮರಗಟ್ಟುತ್ತದೆ. ಭಾವನವರಿಗೆ ಉಬ್ಬಸ. ತಣ್ಣನೆ ಗಾಳಿ ಬರಬಾರದೆಂದು ಅಕ್ಕ ನಾಲ್ಕು ಜೋಡಿ ಗಾಜಿನ ಕಿಟಕಿ ಹಾಕಿಸಿದಳು. ಉದ್ದೇಶ ತಪ್ಪಲ್ಲ. ಆದರೆ ಮಾಡಿದವರು ಅಳತೆ ಒಂದೇ ಕಡೆ, ನಡುಮಧ್ಯದಲ್ಲಿ ತೆಗೆದರು. ಹಳೇ ಗೋಡೆ ಎಂದಾದರೂ ಮೂಲೆಮಟ್ಟ ಇರುತ್ತದೆಯೇ? ಒಂದು ಕಡೆ ತೂರದೆ ಗೋಡೆ ಕೆತ್ತಿದರು, ಇನ್ನೊಂದು ಕಡೆ ಮುಕ್ಕಾಲು ಅಂಗುಲ ಸಂದು ಬಿಟ್ಟು ನೊರೆಯಂಥ ಅಂಟು ತುಂಬಿ ಹೋದರು. ಹಿಂಗಾರು ಮಳೆ ಬಂದದ್ದೇ ಗೋಡೆಯೊಳಗೆ ನೀರು. ವರ್ಷ ಕಳೆಯುವುದರಲ್ಲಿ ಒಂದು ಕಿಟಕಿಯ ಎರಡು ಗಾಜಿನ ನಡುವೆ ಮಂಜು ಕಟ್ಟಿಕೊಂಡಿತು. ಅಂಚಿನ ಅಂಟು ಬಿಟ್ಟಿದೆ ಅಂತ ಅರ್ಥ. ಒಳಗಿನಿಂದಲೂ ಒರೆಸಲಾಗದು, ಹೊರಗಿನಿಂದಲೂ ಒರೆಸಲಾಗದು, ಗಾಜನ್ನೇ ಬದಲಾಯಿಸಬೇಕು. ಹಣ ಪೂರ್ತಿ ಕೊಟ್ಟಾಗಿತ್ತು. ಗ್ಯಾರಂಟಿ ಅಂದದ್ದು ಬಾಯಿಮಾತು. "ಹೋಗ್ಲಿ ಬುಡು, ನಮ್ಮ ಹಣೆಬರ" ಅಂತ ಅಕ್ಕ ಸುಮ್ಮನಾದಳು. ಹಣೆಬರಹ ಅಲ್ಲ ಸೋದರಿಯರೇ, ಕಾಗದ ಬರೆಸಿಕೊಳ್ಳದ ತಪ್ಪು.

ಇಷ್ಟೆಲ್ಲ ಕೇಳಿದ ಮೇಲೆ ಒಬ್ಬ ವಯಸ್ಸಾದ ಆಚಾರಿಯನ್ನು ಕರೆಸಿದೆ. ಅವರು ಬಂದವರೇ ಟೇಪು ಹಿಡಿಯಲಿಲ್ಲ, ಒಂದು ತಿರುಪುಳಿ ಹಿಡಿದರು. ಪ್ರತಿ ಚೌಕಟ್ಟಿನ ಕೆಳಗಿನ ಎರಡು ಮೂಲೆಗೆ ಚುಚ್ಚಿ ನೋಡಿದರು. ನೀರು ನಿಲ್ಲುವುದೂ ಅಲ್ಲೇ, ಗೆದ್ದಲು ಹತ್ತುವುದೂ ಅಲ್ಲೇ. ಒಂಬತ್ತರಲ್ಲಿ ಪಡುವಲ ಕಡೆಯ ಎರಡು ಕಿಟಕಿಯಲ್ಲಿ ಮಾತ್ರ ತಿರುಪುಳಿ ಬೆಣ್ಣೆಗೆ ಇಳಿದಂತೆ ಇಳಿಯಿತು. ಮಿಕ್ಕ ಏಳು ಕಲ್ಲು. "ಇಂಥ ಹೊನ್ನೆ ಮರನ ಈಗ ಎಲ್ಲಿ ತತ್ತೀರವ್ವಾ? ಇದ್ನ ಕಿತ್ತು ಸೌದೆಗೆ ಹಾಕೀರಾ?" ಅಂದರು. ನನಗೆ ನಾಚಿಕೆಯಾಯಿತು.

ಮಗಳ ಕೋಣೆಯ ಶಬ್ದದ ಮಾತು ಬಂತು. ಅದಕ್ಕೂ ದಾರಿ ಅವರೇ ತೋರಿಸಿದರು. ಶಬ್ದ ಬರುವುದು ಹೆಚ್ಚಾಗಿ ಸಂದಿನಿಂದ. ಗಾಳಿ ಎಲ್ಲಿ ನುಸುಳುತ್ತದೋ ಹಾರನ್ನೂ ಅಲ್ಲೇ ನುಸುಳುತ್ತದೆ. ಆಮೇಲೆ ಎರಡು ಗಾಜಿನ ನಡುವಿನ ಅಂತರ ಅರ್ಧ ಅಂಗುಲ ಇರುವುದಕ್ಕಿಂತ ಅಂಗೈ ಅಗಲ ಇದ್ದರೆ ಶಬ್ದ ಚೆನ್ನಾಗಿ ಕುಗ್ಗುತ್ತದೆ. ನಮ್ಮ ಗೋಡೆ ಒಂದೂವರೆ ಅಡಿ ದಪ್ಪ! ಹಳೇ ಕಿಟಕಿ ಹೊರ ಅಂಚಿನಲ್ಲಿ ಹಾಗೇ ಇರಲಿ, ಒಳ ಅಂಚಿಗೆ ಇನ್ನೊಂದು ಗಾಜಿನ ಕಿಟಕಿ ಕೂರಿಸಿ ಸುತ್ತ ರಬ್ಬರು ಪಟ್ಟಿ ಹಾಕಿದರೆ ಆಯಿತಲ್ಲ. ನಮ್ಮ ಹಿರಿಯರು ಕಟ್ಟಿದ ಗೋಡೆಯೇ ಜೋಡಿ ಕಿಟಕಿಗೆ ಜಾಗ ಬಿಟ್ಟುಕೊಟ್ಟಿತ್ತು. ನಮಗೆ ಕಾಣಲಿಲ್ಲ ಅಷ್ಟೇ. ಒಂದು ಎಚ್ಚರ: ಕಿಟಕಿ ತೆರೆದಿಟ್ಟರೆ ಎಂಥ ಗಾಜೂ ಶಬ್ದ ತಡೆಯುವುದಿಲ್ಲ. ಪೂರ್ತಿ ಮುಚ್ಚಿ ಓದುವವರಿಗೆ ಗಾಳಿಗೆ ಇನ್ನೊಂದು ದಾರಿ ಬೇಕು. ಮಗಳ ಕೋಣೆಯ ಬಾಗಿಲು ಒಳಅಂಗಳಕ್ಕೆ ತೆರೆಯುವುದರಿಂದ ನಮಗೆ ತೊಂದರೆಯಾಗಲಿಲ್ಲ.

ಹಜಾರದ ಕಿಟಕಿಗೂ ಹಾಗೇ ಮಾಡಿಸೋಣ ಅಂತ ನಮ್ಮವರು ಅಂದಾಗ ನಮ್ಮತ್ತೆ ಬಾಯಿ ತೆರೆದರು. ಎಂಬತ್ತು ದಾಟಿದ ಜೀವ, ಮಂಡಿನೋವು, ಹೊಸಲು ದಾಟುವುದಿಲ್ಲ. ಆ ಕಿಟಕಿಯ ಕಟ್ಟೆಯ ಮೇಲೇ ಬೆಳಗಿಂದ ಸಂಜೆವರೆಗೆ. ಸೊಪ್ಪಿನವಳನ್ನು ಕೂಗುವುದು, ಹೋಗುವವರ ಕ್ಷೇಮ ಕೇಳುವುದು, ಶಿವರಾತ್ರಿಗೆ ಬೆಟ್ಟಕ್ಕೆ ನಡೆದು ಹೋಗುವವರಿಗೆ ಸರಳಿನ ಸಂದಿಯಿಂದಲೇ ನೀರಿನ ಲೋಟ ಕೊಡುವುದು. "ನೀವು ಗಾಜು ಹಾಕಿ ಮುಚ್ಚುಬುಟ್ರೆ ನಾನು ಯಾರ ಕೂಡೆ ಮಾತಾಡ್ಲವ್ವಾ? ನಂಗೆ ಆ ಸದ್ದೇ ಬೇಕು ಕಣವ್ವಾ" ಅಂದರು. ನಾನು ಬರೆದ ಲೆಕ್ಕದಲ್ಲಿ ಗ್ರಿಲ್ಲಿತ್ತು, ಗಾರೆಯಿತ್ತು, ಇದು ಇರಲಿಲ್ಲ. ಒಬ್ಬರಿಗೆ ಬೇಡವಾದ ಸದ್ದು ಇನ್ನೊಬ್ಬರಿಗೆ ಲೋಕ. ಆ ಕಿಟಕಿ ಮುಟ್ಟಬಾರದೆಂದು ಅಲ್ಲೇ ತೀರ್ಮಾನವಾಯಿತು.

ಕೊನೆಗೆ ಆದ ಖರ್ಚು ಇಷ್ಟು. ಬೆಲೆ ಊರಿಂದೂರಿಗೆ ಬೇರೆ, ನನ್ನದನ್ನು ಬರೀ ಮಾದರಿಗೆ ಇಟ್ಟುಕೊಳ್ಳಿ.

ಮಗಳ ಕೋಣೆಗೆ ಒಳಗಿನ ಎರಡನೇ ಕಿಟಕಿ, 12 ಚದರ ಅಡಿ, 750ರಂತೆ 9,000, ತೆರಿಗೆ 1,620, ಒಟ್ಟು 10,620.

ಗೆದ್ದಲು ಹತ್ತಿದ ಎರಡು ಕಿಟಕಿ ಪೂರ್ತಿ ಹೊಸದು. ಗೆದ್ದಲಿನ ಗೋಡೆಯಾದ್ದರಿಂದ ಅಲ್ಲಿ ಮರ ಬೇಡವೆಂದು ಯು.ಪಿ.ವಿ.ಸಿ., ಒಂಟಿ ಗಾಜು, ಜಾಲರಿ ಸೇರಿ: 24 ಚದರ ಅಡಿಗೆ 600ರಂತೆ 14,400, ತೆರಿಗೆ 2,592, ಗ್ರಿಲ್ಲು 4,320, ಗಾರೆ 3,000, ಬಿಸಿಲು ತಡೆಯಲು ಮೇಲೆ ಸಜ್ಜಾ 4,400, ಒಟ್ಟು 28,712.

ಮಿಕ್ಕ ಆರು ಕಿಟಕಿಯ ರಿಪೇರಿ: ಆಚಾರಿಯ ನಾಲ್ಕು ದಿನದ ಕೂಲಿ 4,400, ಮರದ ತುಂಡು, ಕೀಲು, ಚಿಲಕ 3,800, ಜಾಲರಿ 4,860, ಎಣ್ಣೆ, ಬಣ್ಣ 3,200, ಒಟ್ಟು 16,260.

ತಾರಸಿಗೆ ಸುಣ್ಣ 2,400. ನಡುವೆ ಒಂದು ಕಡೆ ಗಾರೆ ಉದುರಿ ಮತ್ತೆ ಮೆತ್ತಿಸಿದ್ದು 2,600.

ಎಲ್ಲ ಸೇರಿ 60,592 ರೂಪಾಯಿ. ಒಂದೂವರೆ ಲಕ್ಷದಲ್ಲಿ 89,408 ಉಳಿಯಿತು. ಅದನ್ನು ಮಾರನೇ ದಿನವೇ ಮಗಳ ಹೆಸರಿಗೆ ಠೇವಣಿ ಇಟ್ಟು ಬಂದೆ, ಕೈಯಲ್ಲಿದ್ದರೆ ಕರಗೀತು ಅಂತ.

ನಿಮ್ಮ ಮನೆಯಲ್ಲೂ ಇಂಥ ಕೆಲಸ ತೆಗೆಯುವುದಿದ್ದರೆ ಈ ಮಾತುಗಳನ್ನು ಕತ್ತರಿಸಿ ಖರ್ಚಿನ ಪುಸ್ತಕದಲ್ಲಿ ಅಂಟಿಸಿಕೊಳ್ಳಿ.

1. ಒಂದು ವಾರ ಪ್ರತಿ ಕಿಟಕಿಯನ್ನು ಗಮನಿಸಿ, ತೊಂದರೆ ಏನೆಂದು ಬರೆಯಿರಿ: ಬಿಸಿಲೋ, ಮಳೆಯೋ, ಸದ್ದೋ, ಸೊಳ್ಳೆಯೋ, ಗೆದ್ದಲೋ. ಎಲ್ಲಕ್ಕೂ ಮದ್ದು ಒಂದೇ ಅಲ್ಲ.

2. ಅಳತೆಯನ್ನು ಅಗಲಕ್ಕೆ ಮೂರು ಕಡೆ, ಎತ್ತರಕ್ಕೆ ಮೂರು ಕಡೆ, ಮೂಲೆಯಿಂದ ಮೂಲೆಗೆ ಎರಡು ಸಲ ತೆಗೆಸಿ. ಮೂರರಲ್ಲಿ ಕಡಿಮೆ ಯಾವುದೋ ಅದೇ ಲೆಕ್ಕ. ಶಾಖ ಕೊಟ್ಟು ಗಟ್ಟಿ ಮಾಡಿದ ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲು ಬರುವುದೇ ಇಲ್ಲ, ನೆನಪಿರಲಿ.

3. ಮೂರು ಕಡೆ ದರ ಕೇಳಿ. ತೆರಿಗೆ, ಗ್ರಿಲ್ಲು, ಜಾಲರಿ, ಸಾಗಾಣಿಕೆ, ಕೀಳುವ ಕೂಲಿ, ಗಾರೆ ಇದರಲ್ಲಿ ಸೇರಿದೆಯೇ ಅಂತ ಒಂದೊಂದಾಗಿ ಕೇಳಿ ಬರೆಸಿಕೊಳ್ಳಿ. ಯು.ಪಿ.ವಿ.ಸಿ. ಆದರೆ ಒಳಗೆ ಉಕ್ಕಿನ ಪಟ್ಟಿ ಇದೆಯೇ, ಗಾಜಿನ ದಪ್ಪ ಎಷ್ಟು, ಇವೂ ಚೀಟಿಯಲ್ಲಿರಲಿ.

4. ಮರ ತರುವುದಾದರೆ ಘನ ಅಡಿಯ ಲೆಕ್ಕ ಕಲಿಯಿರಿ. ಅಗಲ ಮತ್ತು ದಪ್ಪ ಅಂಗುಲದಲ್ಲಿ, ಉದ್ದ ಅಡಿಯಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ಮೂರು ಅಡಿಗೆ ನಾಲ್ಕು ಅಡಿ ಕಿಟಕಿಯ ಚೌಕಟ್ಟಿಗೆ 14 ಅಡಿ ಉದ್ದ, 4 ಅಂಗುಲ ಅಗಲ, 3 ಅಂಗುಲ ದಪ್ಪ ಅಂದರೆ ಒಂದು ಘನ ಅಡಿಗಿಂತ ಸ್ವಲ್ಪ ಮೇಲೆ. ಎರಡು ಅಂದರೆ ಯಾಕೆ ಅಂತ ಕೇಳಿ.

5. ಹಣ ಒಂದೇ ಸಲ ಕೊಡಬೇಡಿ. ಐದರಲ್ಲಿ ಒಂದು ಪಾಲು ಕೆಲಸ ಮುಗಿದು ಒಂದು ಮಳೆ ಬಿದ್ದ ಮೇಲೆ ಕೊಡುವುದೆಂದು ಮೊದಲೇ ಮಾತಾಡಿ. ಮಳೆ ಬಾರದಿದ್ದರೆ ಹೊರಗಿನಿಂದ ನಾಲ್ಕು ಬಿಂದಿಗೆ ನೀರು ಎರಚಿ ನೋಡಿ. ಗ್ಯಾರಂಟಿಗೆ ಸಹಿ, ಮೊಹರು, ದಿನಾಂಕ ಇರಬೇಕು.

6. ಕೆಲಸವನ್ನು ಎರಡು ಮೂರು ಕಂತಿಗೆ ಹಂಚಿ. ಮೊದಲು ಕೊಳೆತದ್ದು, ಆಮೇಲೆ ತೊಂದರೆಯದು, ಕೊನೆಗೆ ಅಂದದ್ದು. ಕಿಟಕಿಗಾಗಿ ಬಡ್ಡಿಗೆ ಸಾಲ ಬೇಡ. ಅಂಚೆ ಕಚೇರಿಯ ಆರ್.ಡಿ.ಯಲ್ಲಿ ತಿಂಗಳಿಗೆ ನೂರು ರೂಪಾಯಿಯಿಂದಲೂ ಕಟ್ಟಬಹುದು.

ಒಂದೆರಡು ಕೈಮದ್ದು: ಮಳೆಗಾಲದಲ್ಲಿ ಬಿಗಿಯುವ ರೆಕ್ಕೆಯ ಅಂಚಿಗೆ ಮೇಣದಬತ್ತಿ ಉಜ್ಜಿ. ಗಾಜನ್ನು ಸೋಪಿನ ನೀರಿನಿಂದ ತೊಳೆದು ಹಳೇ ಪತ್ರಿಕೆಯಿಂದ ಒರೆಸಿದರೆ ಗೆರೆ ಉಳಿಯದು. ಗೋಡೆಗೆ ಹೊಂದುವ ಮರದ ಬೆನ್ನಿಗೆ ಗೇರೆಣ್ಣೆ ಹಚ್ಚಿಸಿ, ಗೆದ್ದಲು ಹತ್ತಿರ ಬರಲು ಹಿಂಜರಿಯುತ್ತದೆ. ಆದರೆ ಅದು ಚರ್ಮ ಸುಡುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ದೂರ ಇಡಿ.

ಮೊನ್ನೆ ಶಿವರಾತ್ರಿ ಬಂತು. ಬೀದಿ ತುಂಬ "ಉಘೇ ಮಾದಪ್ಪ" ಅನ್ನುವ ಜನ. ಮಗಳು ಒಳಗಿನ ಗಾಜು ಮುಚ್ಚಿಕೊಂಡು ಪರೀಕ್ಷೆಗೆ ಓದುತ್ತಿದ್ದಳು. ಸದ್ದು ಪೂರ್ತಿ ನಿಂತಿತೇ? ಇಲ್ಲ, ಸುಳ್ಳು ಹೇಳಲಾರೆ. ಕಿವಿಯ ಹತ್ತಿ ಮಾತ್ರ ಮೇಜಿನ ಮೇಲಿತ್ತು. ಹಜಾರದಲ್ಲಿ ಅತ್ತೆ ಸರಳಿನ ಸಂದಿಯಿಂದ ಲೋಟ ಚಾಚುತ್ತಾ, "ಇನ್ನೊಂದು ಬಿಂದ್ಗೆ ತಾ ಮಗಾ" ಅಂತ ನನ್ನನ್ನು ಕೂಗುತ್ತಿದ್ದರು.

ನಿಮ್ಮ ಮನೆಯ ಕಿಟಕಿಯ ಕಥೆ ಏನು? ಎಷ್ಟು ಖರ್ಚಾಯಿತು, ಎಲ್ಲಿ ಮೋಸ ಹೋದಿರಿ, ಎಲ್ಲಿ ಉಳಿಸಿದಿರಿ, ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಬೇಸಿಗೆಯ ಸಂಡಿಗೆ, ಹಪ್ಪಳ. ಅಲ್ಲಿಯವರೆಗೆ ನಮಸ್ಕಾರ.